ಪಾಸೂ ಅಲ್ಲ, ಫೇಲೂ ಅಲ್ಲ

ಮಾರ್ಚ್ 3, ಸೋಮವಾರ

ಸಾರಿಗೆ ಕಚೇರಿಯಿಂದ ಕಾಗದ ಬಂದಿದೆ. ನಮ್ಮ ಕಾರಿನ ನೋಂದಣಿ ಈ ತಿಂಗಳ ಮೂವತ್ತೊಂದಕ್ಕೆ ಮುಗಿಯುತ್ತದಂತೆ. ನವೀಕರಣಕ್ಕೆ ಅರ್ಜಿ ಬೇಕು, ವಿಮೆಯ ಪ್ರತಿ ಬೇಕು, ಜೊತೆಗೆ ಹೊಗೆ ತಪಾಸಣೆಯಲ್ಲಿ ಪಾಸಾದ ಪ್ರಮಾಣಪತ್ರವೂ ಬೇಕು. ಹಳೆಯ ಗಾಡಿಗಳಿಗೆ ಈಗ ಇದು ಕಡ್ಡಾಯ. ಅದಿಲ್ಲದಿದ್ದರೆ ಏಪ್ರಿಲ್ ಒಂದರಿಂದ ಗಾಡಿ ಗೇಟು ದಾಟುವಂತಿಲ್ಲ.

ಹೆಂಡತಿ ಕಾಗದ ಓದಿ, ನಿಮ್ಮ ನಿಧಾನದಲ್ಲಿ ನನ್ನನ್ನು ಬಸ್ ಸ್ಟಾಪಿನಲ್ಲಿ ನಿಲ್ಲಿಸಬೇಡಿ ಎಂದಳು. ಅವಳು ಊರಿನ ಇನ್ನೊಂದು ತುದಿಯಲ್ಲಿರುವ ಕಿವುಡು ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಎರಡು ಬಸ್ಸು ಹತ್ತಿ ಇಳಿಯಲು ಅವಳ ಮಂಡಿ ಒಪ್ಪುವುದಿಲ್ಲ. ನಿವೃತ್ತನಾದ ಮೇಲೆ ನಾನೇ ಅವಳ ಡ್ರೈವರ್.

ನನ್ನನ್ನು ಬಲ್ಲವಳೇ ಹೀಗೆ ಹೇಳಿದರೆ ಹೇಗೆ? ತೂಕದ ಯಂತ್ರಗಳ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಳೆದವನು ನಾನು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಅದರ ಮುಖ್ಯಸ್ಥ. ತಪ್ಪು ಅಂಕಿಯೊಂದು ಇವರ ಕೈ ದಾಟಿ ಹೊರಗೆ ಹೋದದ್ದಿಲ್ಲ ಎಂದು ಬೀಳ್ಕೊಡುಗೆಯ ದಿನ ಮ್ಯಾನೇಜರೇ ಮೈಕ್ ಹಿಡಿದು ಹೇಳಿದ್ದರು. ನಿಯಮ ಓದುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎದುರುಮನೆಯವನ ಗಾಡಿ ಬೆಳಿಗ್ಗೆ ಎದ್ದರೆ ಬೀದಿಗೆಲ್ಲ ಕರಿಹೊಗೆ ಬಿಡುತ್ತದೆ. ಅದು ಹೇಗೆ ಪಾಸಾಯಿತೋ ವಿಚಾರಿಸಬೇಕಾದದ್ದು ಅದು.

ಒಂದೇ ತೊಡಕು. ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಎರಡು ತಿಂಗಳಿಂದ ಉರಿಯುತ್ತಿದೆ. ಆ ದೀಪ ಉರಿಯುತ್ತಿದ್ದರೆ ಸೈಲೆನ್ಸರಿಗೆ ಕೊಳವೆ ಹಾಕುವ ಮೊದಲೇ ಫೇಲ್ ಎಂದು ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ.

ಮಾರ್ಚ್ 5, ಬುಧವಾರ

ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿನ ಮೆಕ್ಯಾನಿಕ್ಕನ್ನು ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾನೆ. ಹೊಗೆಯ ದಾರಿಯಲ್ಲಿರುವ ಸೆನ್ಸರ್ ಹೋಗಿದೆ, ಬಿಡಿಭಾಗ ಬರಲು ಎರಡು ವಾರ ಆಗುತ್ತದೆ ಎಂದ. ಇವತ್ತೇ ಹೇಳಿಬಿಡಿ ಎಂದ. ಯೋಚಿಸುತ್ತೇನೆ ಎಂದು ಬಂದೆ. ಸೆನ್ಸರ್ ಅಂದರೆ ಏನೆಂದು ನನಗೇ ಪಾಠ ಮಾಡಲು ಹೊರಟಿದ್ದ. ನಾನು ಆಗಲೇ ಗೊತ್ತಿರುವವನ ಹಾಗೆ ತಲೆಯಾಡಿಸಿದೆ.

ಮಾರ್ಚ್ 6, ಗುರುವಾರ

ಬ್ಯಾಟರಿಯ ತಂತಿ ಕಳಚಿ, ಕಾಲು ಗಂಟೆ ಬಿಟ್ಟು ಮತ್ತೆ ಬಿಗಿದೆ. ಹಳದಿ ದೀಪ ಮಾಯ. ಎರಡು ವಾರ ಕಾಯುವವರು ಕಾಯಲಿ.

ಮಾರ್ಚ್ 7, ಶುಕ್ರವಾರ

ತಪಾಸಣಾ ಕೇಂದ್ರ ಒಂದು ದೊಡ್ಡ ಶೆಡ್ಡು. ನೆಲದ ಮೇಲೆ ಎರಡು ಹಳದಿ ಪಟ್ಟಿ, ಮೇಲಿನಿಂದ ಇಳಿಬಿಟ್ಟ ದಪ್ಪ ರಬ್ಬರ್ ಕೊಳವೆ, ಮೂಲೆಯಲ್ಲಿ ಗಾಜಿನ ಕೋಣೆ. ಗಾಡಿಯ ಮಾಲೀಕರೆಲ್ಲ ಹೆರಿಗೆ ಕೋಣೆಯ ಹೊರಗೆ ಕೂತ ಗಂಡಂದಿರ ಹಾಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನನ್ನ ಮುಂದಿನವನು ಮೂರನೆಯ ಸಲ ಬಂದಿದ್ದನಂತೆ. ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರ ಪಾಡು ಎಂದುಕೊಂಡೆ.

ನೀಲಿ ಮೇಲಂಗಿಯ ಹೆಂಗಸೊಬ್ಬಳು ಬಂದು, ಸ್ಟೇರಿಂಗ್ ಕೆಳಗೆ ಕೇಬಲ್ ಚುಚ್ಚಿ, ಕೈಯಲ್ಲಿದ್ದ ಪರದೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಗುರುತು ಹತ್ತಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ವಿಭಾಗದಲ್ಲೇ ಇದ್ದ ಹುಡುಗಿ.

"ಇದು ಪಾಸೂ ಅಲ್ಲ, ಫೇಲೂ ಅಲ್ಲ ಸರ್. ಇನ್ನೂ ಸಿದ್ಧ ಇಲ್ಲ ಅಂತ ತೋರಿಸ್ತಿದೆ. ಬ್ಯಾಟರಿ ಏನಾದ್ರೂ ಬಿಚ್ಚಿದ್ರಾ?"

ಇಲ್ಲ ಎಂದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಲಿಲ್ಲ. ದನಿ ತಗ್ಗಿಸಿ ವಿವರಿಸಿದಳು. ಕಾರಿನೊಳಗೆ ಒಂದು ಸಣ್ಣ ಕಂಪ್ಯೂಟರ್ ಇದೆ. ಹೊಗೆಗೆ ಸಂಬಂಧಪಟ್ಟ ಭಾಗಗಳನ್ನೆಲ್ಲ ಅದು ಓಡುತ್ತ ಓಡುತ್ತಲೇ ಒಂದೊಂದಾಗಿ ಪರೀಕ್ಷಿಸಿ ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಕಳಚಿದರೆ ದೀಪದ ಜೊತೆ ಆ ನೆನಪೂ ಅಳಿಸುತ್ತದೆ. ದೀಪ ಆರಿದ ಮಾತ್ರಕ್ಕೆ ಕಾರು ಸರಿಯಾಯಿತು ಎಂದಲ್ಲ, ಅದು ತನ್ನನ್ನು ತಾನು ಇನ್ನೂ ನೋಡಿಕೊಂಡಿಲ್ಲ ಎಂದಷ್ಟೇ. ಅದು ಪರೀಕ್ಷೆ ಮುಗಿಸುವವರೆಗೆ ನಮ್ಮ ಪರೀಕ್ಷೆ ನಡೆಯುವುದಿಲ್ಲ. ಒಂದು ಹಾಳೆ ಕೊಟ್ಟಳು: ತಣ್ಣಗಿರುವಾಗ ಸ್ಟಾರ್ಟ್ ಮಾಡುವುದು, ಮೂರು ನಿಮಿಷ ನಿಲ್ಲಿಸಿ ಬಿಡುವುದು, ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸುವುದು, ಬ್ರೇಕ್ ಒತ್ತದೆ ತಾನಾಗಿ ನಿಧಾನವಾಗಲು ಬಿಡುವುದು. ಹೀಗೆ ನಾಲ್ಕೈದು ದಿನ.

ಮೂರನೆಯ ಸಲ ಬಂದಿದ್ದವನು ಪಾಸಾಗಿ ಎಲ್ಲರಿಗೂ ಕೈಬೀಸುತ್ತ ಹೋದ. ನಾನು ಬಾಲ ಮುದುರಿಕೊಂಡು ಹೊರಬಂದೆ.

ಮಾರ್ಚ್ 8, ಶನಿವಾರ

ಅವರ ಯಂತ್ರ ಕೆಟ್ಟಿತ್ತು ಎಂದು ಹೆಂಡತಿಗೆ ಹೇಳಿದೆ.

ಮಾರ್ಚ್ 12, ಬುಧವಾರ

ನಾಲ್ಕು ದಿನದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಊರ ಹೊರಗಿನ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದೇನೆ. ಎಲ್ಲಿಗೂ ಹೋಗದೆ ಹೋಗಿ ಬರುವುದು ವಿಚಿತ್ರ ಕೆಲಸ. ಇಪ್ಪತ್ತು ನಿಮಿಷ ಒಂದೇ ವೇಗ ಎಂದರೆ ಯೋಚನೆ ಬಿಟ್ಟು ಬೇರೆ ಕೆಲಸವಿಲ್ಲ. ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಾರೆ.

ಕೇಂದ್ರದಲ್ಲಿ ಅವಳು ನನ್ನನ್ನು ಸರ್ ಎಂದೇ ಕರೆದಳು. ಅದರಲ್ಲಿ ವ್ಯಂಗ್ಯ ಇತ್ತೇ? ಇರಲಿಲ್ಲ ಅನಿಸುತ್ತದೆ. ಇದ್ದಿದ್ದರೆ ವಾಸಿಯಿತ್ತು.

ಮಾರ್ಚ್ 14, ಶುಕ್ರವಾರ

ಕೇಂದ್ರದ ಗೇಟು ಇನ್ನೇನು ಬಂತು ಎನ್ನುವಾಗ ಹಳದಿ ದೀಪ ಮತ್ತೆ ಹೊತ್ತಿಕೊಂಡಿತು. ಕಾರು ತನ್ನ ಪರೀಕ್ಷೆ ಮುಗಿಸಿ, ಕೆಟ್ಟಿದ್ದೇನೆ ಎಂದು ತಾನೇ ಒಪ್ಪಿಕೊಂಡಿತ್ತು.

ಹಿಂದಕ್ಕೆ ತಿರುಗಿಸಲು ಜಾಗವಿರಲಿಲ್ಲ, ಹಿಂದೆ ಸಾಲು. ಅವಳು ಬಂದು ದೀಪ ನೋಡಿದಳು. ನಾನು ಕಿಟಕಿಯಿಂದ ತಲೆ ಹೊರಹಾಕಿ ಹೇಳಿದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ.

"ನಿನ್ನೆವರೆಗೂ ದೀಪ ಇರ್ಲಿಲ್ಲ ಕಣಮ್ಮ. ನಿನ್ನೇದೇ ಬರ್ಕೊಂಡ್ಬಿಡು. ಏನೂ ಆಗಲ್ಲ, ನಾನಿದೀನಲ್ಲ."

ಅವಳು ಬರೆಯುವ ಹಾಳೆ ತೆಗೆದಳು. "ಈ ಮಾತು ಒಂದ್ಸಲ ಹೇಳಿದೀರಿ ಸರ್. ಇದೇ ಮಾತು."

ಫೇಲ್ ಎಂದು ಬರೆದು, ಸಹಿಗೆ ಹಾಳೆ ಮುಂದೆ ಹಿಡಿದಳು. ಹಾಕಿದೆ. ನನ್ನ ಸಹಿ ನನಗೇ ಗುರುತು ಸಿಗದ ಹಾಗೆ ಬಿತ್ತು.

ಮಾರ್ಚ್ 15, ಶನಿವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 17, ಸೋಮವಾರ

ಹಳೆಯ ವಿಷಯವನ್ನು ಒಮ್ಮೆ ಬರೆದಿಟ್ಟರೆ ಮನಸ್ಸು ತಿಳಿಯಾದೀತು. ಹನ್ನೊಂದು ವರ್ಷದ ಹಿಂದೆ ನಮ್ಮ ವಿಭಾಗದಲ್ಲಿ ಒಂದು ಪ್ರಕರಣ ನಡೆಯಿತು. ಆಸ್ಪತ್ರೆಗೆ ಕಳಿಸುವ, ಹಸುಗೂಸುಗಳ ತೂಕ ನೋಡುವ ಯಂತ್ರಗಳು. ಕೆಲವು ಯಂತ್ರಗಳ ಅಂಕಿ ತಪ್ಪಾಗಿ ದಾಖಲಾಗಿದ್ದವು. ಯಂತ್ರಗಳು ವಾಪಸ್ ಬಂದವು. ದಾಖಲೆಯ ಕೈಬರಹ ಒಬ್ಬ ಸಿಬ್ಬಂದಿಯದ್ದೆಂದು ಗೊತ್ತಾಗಿ ವಿಚಾರಣೆ ನಡೆಯಿತು, ನಿಯಮದಂತೆ ಕ್ರಮವಾಯಿತು. ಅಂದಿನ ಕೆಲಸದ ಒತ್ತಡವೂ ಹಾಗಿತ್ತು.

ಮಾರ್ಚ್ 18, ಮಂಗಳವಾರ

ನಿನ್ನೆ ಬರೆದದ್ದನ್ನು ಓದಿದೆ. ಅಸಹ್ಯವಾಯಿತು. ನನಗೆ ನಾನೇ ಬರೆದುಕೊಳ್ಳುವ ಪುಸ್ತಕದಲ್ಲೂ ಕಣ್ಣಿಗೆ ಮಣ್ಣೆರಚುವ ಕೆಲಸ.

ನಡೆದದ್ದು ಹೀಗೆ. ನೂರು ಯಂತ್ರ ಅವತ್ತೇ ಹೋಗಬೇಕಿತ್ತು. ಲಾರಿ ಬಂದು ನಿಂತಿತ್ತು. ಅರವತ್ತೋ ಎಷ್ಟೋ ನೋಡಿ ಮುಗಿದಿತ್ತು. ಪ್ರತಿ ಯಂತ್ರದ ಮೇಲೆ ಐದು ತೂಕದ ಬೊಟ್ಟು ಇಟ್ಟು, ಐದು ಅಂಕಿ ಓದಿ ಬರೆಯಬೇಕು. ನನಗೆ ಮ್ಯಾನೇಜರ ಮುಂದೆ ಸಮಯಕ್ಕೆ ಕಳಿಸಿದೆ ಅನ್ನಿಸಿಕೊಳ್ಳುವ ಆಸೆ. ಉಳಿದವನ್ನು ನೋಡದೆ ಹಿಂದಿನ ದಿನದ ಯಂತ್ರಗಳ ಅಂಕಿಯನ್ನೇ ಬರೆಯಲಿ ಎಂದು ಅವಳ ಮೇಜಿಗೆ ಹೋಗಿ, ನಿನ್ನೇದೇ ಬರ್ಕೊಂಡ್ಬಿಡು, ಏನೂ ಆಗಲ್ಲ, ನಾನಿದೀನಲ್ಲ ಎಂದೆ. ಅವಳಿಗೆ ಆಗ ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಸಲ ಬೇಡ ಸರ್ ಎಂದಳು. ಎರಡನೆಯ ಸಲ ಬರೆದಳು.

ವಿಚಾರಣೆಯ ಕೋಣೆಯಲ್ಲಿ ನಾನೇ ಬಾಯಿಬಿಡುತ್ತೇನೆ ಎಂದು ಅವಳು ತುಂಬ ಹೊತ್ತು ಕಾದಳು. ಕೊನೆಗೆ, ಸರ್ ಹೇಳಿದರು ಅಂತ ಬರೆದೆ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನ್ಯಾಕೆ ಹಾಗೆ ಹೇಳಲಿ ಎಂದು ನಾನು ನಕ್ಕೆ. ನಕ್ಕದ್ದು ನೆನಪಿದೆ. ನನ್ನ ಹೆಸರು ಅಷ್ಟು ದೊಡ್ಡದಿತ್ತು. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ನಾಚಿಕೆಯಾಗುತ್ತಿದೆ. ಒಬ್ಬನೇ ಕೂತಿರುವಾಗಲೂ ಮುಖ ಬಿಸಿಯಾಗುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ಮಾರ್ಚ್ 20, ಗುರುವಾರ

ಫೇಲಾದ ಮರುದಿನವೇ ಡಾಕ್ಟರಿಗೆ ಸೆನ್ಸರ್ ತರಿಸಲು ಹೇಳಿದ್ದೆ. ಬ್ಯಾಟರಿ ಕಳಚಿದ್ದನ್ನೂ ಹೇಳಿಕೊಂಡೆ. ಎಲ್ಲರೂ ಒಂದ್ಸಲ ಮಾಡ್ತಾರೆ ಬಿಡಿ ಎಂದು ಸಮಾಧಾನ ಮಾಡಿದ. ಇವತ್ತು ವಿಚಾರಿಸಲು ಹೋದಾಗ ಮಾತಿಗೆ ಮಾತು ಬಂದು ಅವಳ ವಿಷಯ ಎತ್ತಿದ.

ಆ ಕೇಂದ್ರದಲ್ಲಿ ಗಾಡಿ ನೋಡುವುದೆಲ್ಲ ಅವಳೇ. ಆದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಸಹಿ ಗಾಜಿನ ಕೋಣೆಯಲ್ಲಿ ಮೊಬೈಲ್ ನೋಡಿಕೊಂಡು ಕೂತಿರುವವನದ್ದು. ಅವನು ಒಂದು ಬಾನೆಟ್ ಎತ್ತಿದ್ದನ್ನು ಯಾರೂ ಕಂಡಿಲ್ಲವಂತೆ.

"ಒಂಬತ್ತು ವರ್ಷದಿಂದ ಸಹಾಯಕಿನೇ. ಸಹಿ ಹಕ್ಕಿಗೆ ಮೂರು ಸಲ ಅರ್ಜಿ ಹಾಕಿದ್ರು. ಹಳೇ ಕೆಲಸದಲ್ಲಿ ಸುಳ್ಳು ಅಂಕಿ ಬರೆದು ಹೊರಗೆ ಬಂದೋರಿಗೆ ಕೊಡಲ್ಲ ಅಂತ ಮೂರು ಸಲಾನೂ ವಾಪಸ್ ಬಂತು. ನಾಲ್ಕನೇದು ಮುಂದಿನ ತಿಂಗಳು. ಅದೇ ಕೊನೇದಂತೆ. ಪಾಪ."

ಪಾಪ ಎಂದು ನಾನೂ ಅಂದೆ. ಆ ನಾಲಿಗೆಯನ್ನು ಏನು ಮಾಡಲಿ.

ಮಾರ್ಚ್ 22, ಶನಿವಾರ

ಸಾರಿಗೆ ಕಚೇರಿಗೆ ಒಂದು ಪತ್ರ ಬರೆದೆ. ಎರಡು ಪುಟವಾಯಿತು. ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಕನ್ನಡಕ ಹಾಕಿಕೊಂಡು ಓದುತ್ತಿದ್ದಳು. ನಾನು ಟವೆಲ್ ಹೊದ್ದುಕೊಂಡು ಬಾಗಿಲಲ್ಲೇ ನಿಂತೆ.

"ಲೋಪ ಆಯ್ತು, ಒತ್ತಡ ಇತ್ತು, ಅಂಕಿ ದಾಖಲಾದವು. ಎಲ್ಲ ತಾನೇ ತಾನಾಗಿ ಆಗಿದೆ. ಇದರಲ್ಲಿ ನೀವೆಲ್ಲಿದೀರಿ?"

ಆಗ ಎಲ್ಲ ಹೇಳಿದೆ. ಕೂರಲೂ ಇಲ್ಲ, ನಿಂತೇ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯುವುದರಲ್ಲಿ ಗಟ್ಟಿಗಿತ್ತಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆಗ ಒಂದು ಹುಡುಗಿ ಮನೆಗೆ ಬಂದಿದ್ಲು," ಎಂದಳು. "ಹಸಿರು ಚೀಲ ಹಿಡ್ಕೊಂಡು. ನೀವು ಒಳಗೆ ರೂಮಲ್ಲಿದ್ರಿ. ಇಲ್ಲ ಅಂತ ಹೇಳು ಅಂದ್ರಿ. ನಾನು ಹೇಳಿದೆ. ಅವಳು ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ಲು. ನೀರು ಬೇಕಾ ಅಂತ ಕೇಳ್ದೆ. ಬೇಡ ಅಕ್ಕ ಅಂದ್ಲು."

ಅದು ನನಗೆ ನೆನಪೇ ಇರಲಿಲ್ಲ. ಅವಳು ಎದ್ದು, ಪತ್ರವನ್ನು ಮಡಚದೆ ಅಲ್ಲೇ ಇಟ್ಟು, ಶಾಲೆಯ ಮಕ್ಕಳ ಪುಸ್ತಕ ತಿದ್ದಲು ಕೂತಳು. ಎಷ್ಟು ಹೊತ್ತಾದರೂ ಒಂದೇ ಪುಟ ತೆರೆದಿತ್ತು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಹೆಂಡತಿ ಬಸ್ಸಿಗೆ ಹೋದಳು. ಕಾರು ಗೇಟಿನ ಹೊರಗೆ ನಿಲ್ಲಿಸಿಕೊಂಡು ಕಾದಿದ್ದೆ. ನನ್ನನ್ನು ದಾಟಿಕೊಂಡು, ಒಂದು ಕಾಲು ಎಳೆದು ಹಾಕುತ್ತ, ಸ್ಟಾಪಿಗೆ ನಡೆದಳು. ನಾನು ಬಸ್ಸಿನ ಹಿಂದೆಯೇ ಕಾರು ಓಡಿಸಿಕೊಂಡು ಹೋದೆ. ಎರಡನೆಯ ಬಸ್ಸಿಗೆ ಕಾಯುವಾಗ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ರಸ್ತೆಯ ಈಚೆ ನಾನು ಕಾರಿನೊಳಗೆ ಕೂತಿದ್ದೆ. ಬಾ ಎಂದು ಕರೆಯಲು ಬಾಯಿ ಬರಲಿಲ್ಲ. ಶಾಲೆಯ ಗೇಟು ಸೇರಿದಳೆಂದು ಖಾತ್ರಿಯಾದ ಮೇಲೆ ವಾಪಸ್ ಬಂದೆ.

ಮಾರ್ಚ್ 25, ಮಂಗಳವಾರ

ಸೆನ್ಸರ್ ಬಂತು, ಡಾಕ್ಟರ್ ಹಾಕಿದ. ಹಳೆಯದನ್ನು ಕೈಯಲ್ಲಿಟ್ಟು ತೋರಿಸಿದ. ಮಸಿ ಹಿಡಿದು ಹೆಬ್ಬೆರಳಿನಷ್ಟಿತ್ತು. ದೀಪವನ್ನು ತನ್ನ ಯಂತ್ರದಿಂದ ಅಳಿಸಿದ. ಇದರಿಂದಲೂ ನೆನಪು ಅಳಿಯುತ್ತದೆ, ಮತ್ತೆ ಮೊದಲಿನಿಂದ ಓಡಿಸಬೇಕು ಎಂದ. ಶುಕ್ರವಾರಕ್ಕೆ ಸಿದ್ಧವಾದರೆ ಸರಿ, ಇಲ್ಲದಿದ್ದರೆ ಕಷ್ಟ. ಅರ್ಥವಾಗದ ಎರಡು ವಿಷಯ ಕೇಳಿ ತಿಳಿದುಕೊಂಡೆ. ಸಂತೋಷದಿಂದ ಹೇಳಿದ. ಒಳ್ಳೆಯ ಕೆಲಸಗಾರ.

ಪತ್ರ ಮತ್ತೆ ಬರೆದೆ. ಐದು ಸಾಲು. ನೂರು ಯಂತ್ರಕ್ಕೆ ಹಿಂದಿನ ದಿನದ ಅಂಕಿ ಬರೆಯಲು ಹೇಳಿದವನು ನಾನು. ಬೇಡ ಎಂದವಳು ಆಕೆ. ವಿಚಾರಣೆಯಲ್ಲಿ ಸುಳ್ಳು ಹೇಳಿದವನು ನಾನು. ಯಾರು ಕರೆದರೂ ಎಲ್ಲಿ ಬೇಕಾದರೂ ಬಂದು ಇದನ್ನೇ ಹೇಳುತ್ತೇನೆ. ಕೆಳಗೆ ಸಹಿ. ಒಂದು ಪ್ರತಿ ಕಾರ್ಖಾನೆಗೆ. ಅಲ್ಲಿ ಈಗಲೂ ಹೊಸಬರಿಗೆ ನನ್ನ ಉದಾಹರಣೆ ಕೊಡುತ್ತಾರಂತೆ. ಇನ್ನು ಬೇರೆ ರೀತಿ ಕೊಡುತ್ತಾರೆ. ಓಣಿಯಲ್ಲೂ ಸುದ್ದಿಯಾಗುತ್ತದೆ. ಭಯವಾಗುತ್ತಿದೆ, ಸುಳ್ಳೇಕೆ ಹೇಳಲಿ.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಐದೂವರೆಗೆ ಹೊರಡುವಾಗ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ರಾತ್ರಿ ಐದು ಸಾಲಿನ ಪತ್ರ ಓದಿರಬೇಕು. ಮೂರು ನಿಮಿಷ ನಿಂತಲ್ಲೇ ಇಂಜಿನ್ ಓಡುತ್ತಿತ್ತು. ಆಮೇಲೆ ಇಪ್ಪತ್ತು ನಿಮಿಷ ಒಂದೇ ವೇಗ. ಲಾರಿಯವನೊಬ್ಬ ಹಾರ್ನ್ ಹೊಡೆದು ಹೋದಾಗ, ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಿಧಾನಕ್ಕೇ ಹೋಗ್ಲಿ ಬಿಡಿ" ಎಂದಳು. ನಾಲ್ಕು ದಿನದಲ್ಲಿ ಅವಳಾಡಿದ ಮೊದಲ ಮಾತು.

ಮಾರ್ಚ್ 28, ಶುಕ್ರವಾರ

ದೀಪ ಹೊತ್ತಲಿಲ್ಲ. ನೀಲಿ ಮೇಲಂಗಿಯವರು ಕೇಬಲ್ ಚುಚ್ಚಿ ನೋಡಿ, ಎಲ್ಲ ಸಿದ್ಧ ಇದೆ ಎಂದರು. ಸೈಲೆನ್ಸರಿಗೆ ಕೊಳವೆ ಹಾಕಿ, ಅಂಕಿಯನ್ನು ಎರಡು ಸಲ ಓದಿ ಬರೆದರು. ಒಂದು ಸಲ ಸಾಕಿತ್ತು. ಪಾಸ್. ಗಾಜಿನ ಕೋಣೆಯವನು ಮೊಬೈಲಿನಿಂದ ಕಣ್ಣೆತ್ತದೆ ಸಹಿ ಎಳೆದ.

ಪ್ರಮಾಣಪತ್ರ ತೆಗೆದುಕೊಂಡು ಪತ್ರ ಕೊಟ್ಟೆ. ಕಳಿಸುವ ಮೊದಲು ನೀವು ಓದಬೇಕು ಎಂದೆ. ಅವರು ಮೇಲಂಗಿಗೆ ಕೈ ಒರೆಸಿಕೊಂಡು, ಸಾಲಿನಲ್ಲಿ ಗಾಡಿಗಳಿದ್ದರೂ, ಅಲ್ಲೇ ನಿಂತು ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಇಲ್ಲಿ ನೂರು ಅಂತ ಬರೆದಿದೀರಿ ಸರ್. ನಲವತ್ತು. ಅರವತ್ತು ನಾನು ಸರಿಯಾಗಿ ನೋಡಿದ್ದೆ. ಅವುಗಳಲ್ಲಿ ಒಂದೂ ವಾಪಸ್ ಬರ್ಲಿಲ್ಲ."

ಅವರ ಪೆನ್ನಿನಿಂದಲೇ ತಿದ್ದಿದೆ. ಕ್ಷಮಿಸಿ ಎನ್ನಲು ಹೊರಟೆ. ಅವರು ಕೈ ಅಡ್ಡ ಮಾಡಿದರು.

"ಆಫೀಸಿಗೆ ಈ ಪತ್ರ ಸಾಕು. ನಮ್ಮಪ್ಪನಿಗೆ ಸಾಕಾಗಲ್ಲ. ಅವರು ಕಾಗದ ನಂಬಲ್ಲ, ನನ್ನನ್ನಂತೂ ಮೊದಲೇ ನಂಬಲ್ಲ. ಭಾನುವಾರ ಮನೆಗೆ ಬಂದು ನೀವೇ ಹೇಳ್ತೀರಾ?"

ಬರುತ್ತೇನೆ ಎಂದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅವರು ವಿಳಾಸವನ್ನು ಫೇಲಾದ ಯಾರದೋ ಹಾಳೆಯ ಹಿಂದೆ ಬರೆದುಕೊಟ್ಟರು. ಅಂಚೆ ಕಚೇರಿ ಮುಚ್ಚುವ ಮೊದಲು ಎರಡೂ ಪತ್ರ ಹಾಕಿದೆ. ನೋಂದಣಿಯ ಅರ್ಜಿಯನ್ನೂ ಕೊಟ್ಟು ಬಂದೆ.

ಮಾರ್ಚ್ 30, ಭಾನುವಾರ

ಹೆಂಡತಿಯೂ ಬಂದಳು. ಬೇಡ ಎಂದರೆ, ನನಗೂ ಅವಳ ಹತ್ತಿರ ಒಂದು ಮಾತಿದೆ ಎಂದಳು.

ಎರಡನೆಯ ಮಹಡಿಯ ಸಣ್ಣ ಮನೆ. ಅವರ ತಂದೆ ಅಂಚೆಯವರಾಗಿದ್ದವರು. ಎಂಬತ್ತರ ಹತ್ತಿರದ ವಯಸ್ಸು. ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಕೊರಳ ಗುಂಡಿಯವರೆಗೂ ಹಾಕಿಕೊಂಡಿದ್ದರು. ನಾನು ಬರುತ್ತೇನೆಂದು ಹಾಕಿಕೊಂಡದ್ದು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತ ಬಹಳ ವರ್ಷದಿಂದ ಇತ್ತು ಸಾಹೇಬ್ರೇ. ನನ್ನ ಮಗಳು ತಾನು ತಪ್ಪು ಮಾಡಿ ನಿಮ್ಮ ಹೆಸರು ಹೇಳಿದ್ಲು. ಅಂಥ ಮನೆತನ ಅಲ್ಲ ನಮ್ಮದು. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ. ದೊಡ್ಡ ಮನಸ್ಸು ಮಾಡಿ ಮನೆವರೆಗೂ ಬಂದ್ರಿ."

ಅವರ ಮಗಳು ಅಡುಗೆಮನೆಯ ಬಾಗಿಲಲ್ಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. ನನ್ನ ಹೆಂಡತಿ ನೆಲ ನೋಡುತ್ತಿದ್ದಳು. ಬಾಗಿಲು ತೆರೆದೇ ಇತ್ತು, ಓಡಿಹೋಗಬಹುದಿತ್ತು. ಒಂದು ಕ್ಷಣ ಓಡಿಹೋಗುವ ಯೋಚನೆ ಬಂದದ್ದು ನಿಜ.

ನಾನು ಹೇಳಿದೆ. ನಿಮ್ಮ ಮಗಳು ಹೇಳಿದ್ದೇ ಸತ್ಯ, ಬರೆಯಲು ಹೇಳಿದ್ದು ನಾನು, ಎಲ್ಲರ ಮುಂದೆ ಇಲ್ಲ ಎಂದು ನಕ್ಕದ್ದೂ ನಾನು. ಕಿವಿ ಮಂದವೆಂದು ಕಾಣುತ್ತದೆ, ಏನು ಎಂದರು. ಎರಡನೆಯ ಸಲ, ಗಟ್ಟಿಯಾಗಿ, ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದೆ.

ಅವರು ನನ್ನ ಕೈ ಬಿಟ್ಟರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ನಿಧಾನವಾಗಿ ಮಗಳ ಕಡೆ ತಿರುಗಿದರು.

"ಹಾಗಿದ್ರೆ ಅವತ್ತು ನಾನು ನಿನಗೆ ಹೊಡೆದಿದ್ದು?"

"ಹೋಗ್ಲಿ ಬಿಡಪ್ಪ. ಯಾವಾಗಿಂದೋ."

"ಹೊಡೆದೆನಲ್ಲ. ಚಪ್ಪಲಿ ತಗೊಂಡು."

ಅವರು ತಟ್ಟೆಯನ್ನು ಕೆಳಗಿಟ್ಟು ಅಪ್ಪನ ಹತ್ತಿರ ಹೋದರು. ನನ್ನ ಹೆಂಡತಿ ಆಡಬೇಕೆಂದಿದ್ದ ಮಾತು ಆಡಲಿಲ್ಲ. ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಕೆಳಗೆ ಕಾರಿನಲ್ಲಿ ಕೂತೆವು. ಮೇಲಿನ ಕಿಟಕಿಯಿಂದ ಮುದುಕರು ಅಳುವುದು ಕೇಳುತ್ತಿತ್ತು. ಆ ವಯಸ್ಸಿನವರು ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದು ನಿಲ್ಲುವವರೆಗೂ ಕಾರು ಸ್ಟಾರ್ಟ್ ಮಾಡಲಿಲ್ಲ.